ಹಣ ಒಂದೇ, ಲೆಕ್ಕ ಹಲವು: ಎನ್‌ಎಫ್‌ಎಲ್ ಒಪ್ಪಂದಗಳಲ್ಲಿ ಯಾವ ರಚನೆ ಯಾರಿಗೆ ಹೊಂದುತ್ತದೆ

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಆಟಗಾರನ ಬೆಲೆಯ ಲೆಕ್ಕ ಸಲೀಸಾಗಿ ಕಾಣುತ್ತದೆ. 2025ರ ಆವೃತ್ತಿಗಾಗಿ ಪ್ರತಿ ತಂಡದ ಪರ್ಸಿನಲ್ಲಿ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ವಿರಾಟ್ ಕೊಹ್ಲಿ ಅವರನ್ನು 21 ಕೋಟಿಗೆ, ರಜತ್ ಪಾಟಿದಾರ್ ಅವರನ್ನು 11 ಕೋಟಿಗೆ, ಯಶ್ ದಯಾಳ್ ಅವರನ್ನು 5 ಕೋಟಿಗೆ ಉಳಿಸಿಕೊಂಡದ್ದರಿಂದ 37 ಕೋಟಿ ಕಳೆದು ಹರಾಜಿಗೆ 83 ಕೋಟಿ ಉಳಿಯಿತು. ಅಷ್ಟೇ ಲೆಕ್ಕ. ಇದೇ ರೂಢಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಕಡೆಗೆ ತಿರುಗಿದವರಿಗೆ, ಅದರಲ್ಲೂ ಅಲ್ಲಿ ನೆಲೆಸಿ ಭಾನುವಾರದ ಪಂದ್ಯಗಳ ರುಚಿ ಹತ್ತಿಸಿಕೊಂಡ ನಮ್ಮವರಿಗೆ, ಒಪ್ಪಂದಗಳ ಭರಾಟೆಯ ಮೊದಲ ಮಾರ್ಚ್ ತಿಂಗಳಲ್ಲೇ ತಲೆ ಕೆಡುತ್ತದೆ. ಐದು ವರ್ಷಕ್ಕೆ 23 ಕೋಟಿ ಡಾಲರ್ ಎಂದು ಸಹಿ ಹಾಕಿದವರು ಮೊದಲ ವರ್ಷ ತಂಡದ ಸಂಬಳದ ಮಿತಿಯೊಳಗೆ ಒಂದೇ ಕೋಟಿಯ ಜಾಗ ಹಿಡಿದಿರುತ್ತಾರೆ. ತಂಡ ಬಿಟ್ಟುಹೋದವರ ಹೆಸರಿನಲ್ಲಿ ಮರುವರ್ಷವೂ ಮೂರು ಕೋಟಿ ಖರ್ಚು ಬೀಳುತ್ತಿರುತ್ತದೆ.

ಒಂದೇ ಮೊತ್ತವನ್ನು ಬೇರೆ ಬೇರೆ ರೀತಿಯಲ್ಲಿ ಹೆಣೆಯಬಹುದಾದಾಗ ತಂಡದ ಕುರ್ಚಿಯಲ್ಲಿ ಕುಳಿತವರು ಯಾವುದನ್ನು ಆರಿಸಬೇಕು, ಆಟಗಾರ ಯಾವುದಕ್ಕೆ ಒಪ್ಪಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ. ಮೊತ್ತಗಳನ್ನು ನಮ್ಮ ರೂಢಿಯಂತೆ ಕೋಟಿ ಡಾಲರ್‌ಗಳಲ್ಲಿ ಕೊಟ್ಟಿದ್ದೇನೆ. ಅಮೆರಿಕದವರ ಹತ್ತು ಮಿಲಿಯನ್ ನಮ್ಮ ಒಂದು ಕೋಟಿ.

ಮಿತಿಯ ಸ್ವರೂಪ

ಎನ್‌ಎಫ್‌ಎಲ್‌ನ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರ ಮೇಲೆ ವರ್ಷಕ್ಕೆ ಮಾಡಬಹುದಾದ ಖರ್ಚಿನ ಮಿತಿ, 1994ರಲ್ಲಿ ಜಾರಿಗೆ ಬಂದಾಗ ಪ್ರತಿ ತಂಡಕ್ಕೆ 3.46 ಕೋಟಿ ಡಾಲರ್ ಇತ್ತು. 2020ರಲ್ಲಿ ಅದು 19.82 ಕೋಟಿಗೆ ಏರಿತ್ತು. ಕೋವಿಡ್ ಕಾಲದ ಖಾಲಿ ಕ್ರೀಡಾಂಗಣಗಳಿಂದಾಗಿ 2021ರಲ್ಲಿ 18.25 ಕೋಟಿಗೆ ಇಳಿಯಿತು, 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ ಆಯಿತು. ಲೀಗಿನ ಆದಾಯದಲ್ಲಿ ಆಟಗಾರರಿಗೆ ಸಲ್ಲಬೇಕಾದ ಪಾಲಿನಿಂದ ಈ ಅಂಕಿ ಹುಟ್ಟುವುದರಿಂದ ಟಿವಿ ಹಕ್ಕುಗಳ ಬೆಲೆ ಏರಿದ ಹಾಗೆ ಇದೂ ಏರುತ್ತದೆ. ಬಳಸದೆ ಉಳಿದ ಜಾಗವನ್ನು ತಂಡವು ಮುಂದಿನ ವರ್ಷಕ್ಕೆ ಒಯ್ಯಬಹುದು.

ಮಿತಿಯು ತಂಡದ ಬ್ಯಾಂಕ್ ಖಾತೆಯಲ್ಲ, ಬರಿಯ ಲೆಕ್ಕದ ಪುಸ್ತಕ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಂಡರೆ ಅರ್ಧ ಗೊಂದಲ ಕರಗುತ್ತದೆ. ಆಟಗಾರನ ಕೈಗೆ ಹಣ ಸೇರುವ ದಿನ ಬೇರೆ, ಅದು ಪುಸ್ತಕದಲ್ಲಿ ಖರ್ಚಾಗಿ ಬೀಳುವ ವರ್ಷ ಬೇರೆ. ಒಂದು ವರ್ಷದಲ್ಲಿ ಒಬ್ಬ ಆಟಗಾರನ ಹೆಸರಿನಲ್ಲಿ ಬೀಳುವ ಖರ್ಚನ್ನು ಕ್ಯಾಪ್ ಹಿಟ್ ಎನ್ನುತ್ತಾರೆ. ಆತ ತಂಡದಲ್ಲಿ ಇಲ್ಲವಾದ ಮೇಲೂ ಬೀಳುವ ಖರ್ಚು ಡೆಡ್ ಮನಿ. ಒಪ್ಪಂದಗಳ ಎಲ್ಲ ಚಾಣಾಕ್ಷತೆಯೂ ಈ ಎರಡರ ನಡುವೆ ಓಡಾಡುತ್ತದೆ.

ಎಂಟು ಕೋಟಿ, ಮೂರು ಹೆಣಿಗೆ

ನಾನು ಯಾವುದೇ ಒಪ್ಪಂದದ ಸುದ್ದಿ ಓದಿದರೂ ಒಂದು ಹಾಳೆಯ ಮೇಲೆ ವರ್ಷಕ್ಕೊಂದರಂತೆ ಗೆರೆ ಎಳೆದು, ಮೇಲಿನ ಸಾಲಿನಲ್ಲಿ ಕೈಗೆ ಬರುವ ಹಣವನ್ನೂ ಕೆಳಗಿನ ಸಾಲಿನಲ್ಲಿ ಕ್ಯಾಪ್ ಹಿಟ್ ಅನ್ನೂ ಬರೆದುಕೊಳ್ಳುತ್ತೇನೆ. ಹಾಗೆ ಒಂದು ಕಾಲ್ಪನಿಕ ಉದಾಹರಣೆಯನ್ನು ಮಾಡಿ ನೋಡೋಣ: ನಾಲ್ಕು ವರ್ಷ, ಒಟ್ಟು 8 ಕೋಟಿ ಡಾಲರ್.

ಮೊದಲನೆಯದು ಬರಿಯ ಸಂಬಳದ ಒಪ್ಪಂದ. ವರ್ಷಕ್ಕೆ 2 ಕೋಟಿಯಂತೆ ಮೂಲ ಸಂಬಳ, ಬೋನಸ್ ಇಲ್ಲ. ಕೈಗೆ ಬರುವುದೂ ಪುಸ್ತಕದಲ್ಲಿ ಬೀಳುವುದೂ ವರ್ಷಕ್ಕೆ 2 ಕೋಟಿಯೇ. ಸಂಬಳಕ್ಕೆ ಗ್ಯಾರಂಟಿ ಇಲ್ಲದಿದ್ದರೆ ಎರಡು ವರ್ಷಗಳ ನಂತರ ತಂಡವು ಆಟಗಾರನನ್ನು ಕೈಬಿಟ್ಟಾಗ ಡೆಡ್ ಮನಿ ಸೊನ್ನೆ, ಉಳಿತಾಯ ಪೂರ್ತಿ 2 ಕೋಟಿ. ತಂಡಕ್ಕೆ ಇದಕ್ಕಿಂತ ನೆಮ್ಮದಿಯ ಒಪ್ಪಂದ ಬೇರೊಂದಿಲ್ಲ. ಹಾಗಾಗಿಯೇ ಬೇಡಿಕೆಯಿರುವ ಯಾವ ಆಟಗಾರನೂ ಇದಕ್ಕೆ ಒಪ್ಪುವುದಿಲ್ಲ. ಆಗಾಗ ಯಾರಾದರೊಬ್ಬರು ಮೊಣಕಾಲು ಹಿಡಿದುಕೊಂಡು ಮೈದಾನದಿಂದ ಆಚೆ ಹೋಗುವ ಆಟದಲ್ಲಿ ಮೂರನೇ ವರ್ಷದ ಭರವಸೆಯನ್ನು ನಂಬಿಕೊಂಡು ಕೂರುವುದು ಜಾಣತನವಲ್ಲ.

ಎರಡನೆಯದು ಸೈನಿಂಗ್ ಬೋನಸ್ ಇರುವ ಒಪ್ಪಂದ. ಸಹಿ ಹಾಕಿದಾಗ 4 ಕೋಟಿ ಬೋನಸ್. ಮೂಲ ಸಂಬಳ ಮೊದಲ ವರ್ಷ 20 ಲಕ್ಷ, ಆಮೇಲೆ ಕ್ರಮವಾಗಿ 80 ಲಕ್ಷ, 1.4 ಕೋಟಿ, 1.6 ಕೋಟಿ. ಆಟಗಾರನ ಕೈಗೆ ಮೊದಲ ವರ್ಷವೇ 4.2 ಕೋಟಿ ಸೇರುತ್ತದೆ. ಪುಸ್ತಕದಲ್ಲಿ ಮಾತ್ರ ಆ 4 ಕೋಟಿ ಬೋನಸ್ಸನ್ನು ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಬಹುದು. ಗರಿಷ್ಠ ಐದು ವರ್ಷಗಳಿಗೆ ಹಂಚಲು ನಿಯಮ ಬಿಡುತ್ತದೆ. ಇಲ್ಲಿ ನಾಲ್ಕು ವರ್ಷಕ್ಕೆ ಒಂದೊಂದು ಕೋಟಿ. ಆದ್ದರಿಂದ ಕ್ಯಾಪ್ ಹಿಟ್ 1.2, 1.8, 2.4, 2.6 ಕೋಟಿ. ಒಟ್ಟು ಅದೇ 8 ಕೋಟಿ.

ಈ ಹೆಣಿಗೆಯ ನಿಜವಾದ ಗುಣ ಕೈಬಿಡುವ ಹೊತ್ತಿಗೆ ಗೊತ್ತಾಗುತ್ತದೆ. ಆಟಗಾರ ಹೋದ ತಕ್ಷಣ ಹಂಚದೆ ಉಳಿದ ಬೋನಸ್ಸಿನ ಕಂತುಗಳೆಲ್ಲ ಒಂದೇ ಬಾರಿಗೆ ಆ ವರ್ಷದ ಮೇಲೆ ಬಂದು ಬೀಳುತ್ತವೆ. ಒಂದೇ ವರ್ಷ ಆಡಿಸಿ ಕೈಬಿಟ್ಟರೆ ಎರಡನೇ ವರ್ಷ 3 ಕೋಟಿ ಡೆಡ್ ಮನಿ, ಇಟ್ಟುಕೊಂಡಿದ್ದರೆ 1.8 ಕೋಟಿ ಸಾಕಾಗುತ್ತಿತ್ತು. ಅಂದರೆ ಕಳಿಸುವುದೇ ಇಟ್ಟುಕೊಳ್ಳುವುದಕ್ಕಿಂತ 1.2 ಕೋಟಿ ದುಬಾರಿ. ಎರಡು ವರ್ಷಗಳ ನಂತರ ಕಳಿಸಿದರೆ ಮೂರನೇ ವರ್ಷ 2 ಕೋಟಿ ಡೆಡ್ ಮನಿ, ಉಳಿಯುವುದು ಬರಿಯ 40 ಲಕ್ಷ. ಒಪ್ಪಂದದ ಕಾಗದದಲ್ಲಿ ಎರಡನೇ ವರ್ಷಕ್ಕೆ ಗ್ಯಾರಂಟಿ ಎಂಬ ಪದವೇ ಇಲ್ಲದಿದ್ದರೂ ಬೋನಸ್ಸಿನ ಲೆಕ್ಕವೇ ಆಟಗಾರನಿಗೆ ಗ್ಯಾರಂಟಿಯಾಗಿ ನಿಂತಿರುತ್ತದೆ. ಇದನ್ನು ಕಾಣದವರು ಸೈನಿಂಗ್ ಬೋನಸ್ ಎಂದರೆ ತಂಡಕ್ಕೆ ಸಿಗುವ ರಿಯಾಯಿತಿ ಎಂದಷ್ಟೇ ಭಾವಿಸುತ್ತಾರೆ.

ಮೂರನೆಯದು ರೋಸ್ಟರ್ ಬೋನಸ್ ದಾರಿ. ನಿಗದಿಯಾದ ದಿನ ಆಟಗಾರ ತಂಡದ ಪಟ್ಟಿಯಲ್ಲಿದ್ದರೆ ಸಿಗುವ ಈ ಬೋನಸ್ಸನ್ನು ಹಂಚಲು ಬರುವುದಿಲ್ಲ. ಕೊಟ್ಟ ವರ್ಷವೇ ಪೂರ್ತಿ ಖರ್ಚು. ಮೊದಲ ವರ್ಷ 2.5 ಕೋಟಿ ರೋಸ್ಟರ್ ಬೋನಸ್ ಮತ್ತು 50 ಲಕ್ಷ ಸಂಬಳ, ಆಮೇಲೆ 1.5, 1.7, 1.8 ಕೋಟಿ ಸಂಬಳ ಎಂದು ಇಟ್ಟರೆ ಕ್ಯಾಪ್ ಹಿಟ್ 3, 1.5, 1.7, 1.8 ಕೋಟಿ. ಎರಡು ವರ್ಷಗಳ ಕೊನೆಗೆ ಡೆಡ್ ಮನಿ ಸೊನ್ನೆ. ಈ ವರ್ಷ ಜಾಗ ಧಾರಾಳವಾಗಿದ್ದು, ಮುಂದಿನ ವರ್ಷ ಎಳೆಯ ಆಟಗಾರರಿಗೆ ದೊಡ್ಡ ಒಪ್ಪಂದ ಕೊಡಬೇಕಾಗಿ ಬರುವ ತಂಡಕ್ಕೆ ಇದೇ ಸರಿ.

ಹಾಗಾದರೆ ಆಯ್ಕೆ ಹೇಗೆ? ಆಟಗಾರನ ವಯಸ್ಸು ಇಪ್ಪತ್ತಾರರ ಆಸುಪಾಸು, ನಾಲ್ಕು ವರ್ಷವೂ ಆಡುತ್ತಾನೆಂಬ ನಂಬಿಕೆ ಗಟ್ಟಿ ಎಂದಾದರೆ ಎರಡನೆಯ ಹೆಣಿಗೆಯಲ್ಲಿ ಅಪಾಯ ಕಡಿಮೆ, ಏಕೆಂದರೆ ಕಂತುಗಳು ಬೀಳುವ ವರ್ಷಗಳಲ್ಲಿ ಆತ ಮೈದಾನದಲ್ಲೇ ಇರುತ್ತಾನೆ. ಮೂವತ್ತೊಂದರ ಕಾರ್ನರ್‌ಬ್ಯಾಕ್‌ಗೆ (ಎದುರಾಳಿಯ ಪಾಸ್‌ಗಳನ್ನು ತಡೆಯುವ ರಕ್ಷಣಾ ಆಟಗಾರ) ಅದೇ ಹೆಣಿಗೆ ಹಾಕಿದರೆ ಇಲ್ಲದವನ ಬಾಡಿಗೆಯನ್ನು ಎರಡು ವರ್ಷ ಕಟ್ಟಬೇಕಾದೀತು. ಅಂಥ ಕಡೆ ನಾನು ಮೂರನೆಯದನ್ನೇ ಮೆಚ್ಚುತ್ತೇನೆ, ಮೊದಲ ವರ್ಷ ಎಷ್ಟೇ ಭಾರವಾಗಿ ಕಂಡರೂ.

ಮುಂದಕ್ಕೆ ತಳ್ಳುವ ಎರಡು ದಾರಿ

ಲೀಗಿನ ಹೊಸ ವರ್ಷ ಆರಂಭವಾಗುವುದು ಮಾರ್ಚ್ ಮಧ್ಯದ ಒಂದು ದಿನ, ನ್ಯೂಯಾರ್ಕ್ ಸಮಯ ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಪ್ರತಿ ತಂಡವೂ ಮಿತಿಯೊಳಗೆ ಬಂದಿರಬೇಕು. ಅದರ ಹಿಂದಿನ ವಾರ ಇಂತಿಂಥ ಆಟಗಾರನ ಒಪ್ಪಂದ ರೀಸ್ಟ್ರಕ್ಚರ್ ಆಯಿತು ಎಂಬ ಸುದ್ದಿಗಳು ಸಾಲುಗಟ್ಟಿ ಬರುತ್ತವೆ. ತಂಡಕ್ಕಾಗಿ ಆಟಗಾರ ತ್ಯಾಗ ಮಾಡಿದ ಎಂದು ಅಭಿಮಾನಿಗಳು ಕೊಂಡಾಡುತ್ತಾರೆ. ತ್ಯಾಗದ ಮಾತು ಅಲ್ಲಿ ಇಲ್ಲವೇ ಇಲ್ಲ.

ಮೇಲಿನ ಮೊದಲ ಒಪ್ಪಂದವನ್ನೇ ತೆಗೆದುಕೊಳ್ಳಿ. ಎರಡನೇ ವರ್ಷದ 2 ಕೋಟಿ ಸಂಬಳದಲ್ಲಿ 20 ಲಕ್ಷ ಬಿಟ್ಟು 1.8 ಕೋಟಿಯನ್ನು ಬೋನಸ್ ಎಂದು ಬದಲಿಸಿದರೆ ಅದು ಉಳಿದ ಮೂರು ವರ್ಷಗಳಿಗೆ 60 ಲಕ್ಷದಂತೆ ಹಂಚಿಹೋಗುತ್ತದೆ. ಎರಡನೇ ವರ್ಷದ ಕ್ಯಾಪ್ ಹಿಟ್ 2 ಕೋಟಿಯಿಂದ 80 ಲಕ್ಷಕ್ಕೆ ಇಳಿಯುತ್ತದೆ, ಮೂರು ಮತ್ತು ನಾಲ್ಕನೇ ವರ್ಷಗಳು 2.6 ಕೋಟಿಗೆ ಏರುತ್ತವೆ. ಆಟಗಾರನಿಗೆ ಒಂದು ಡಾಲರ್ ನಷ್ಟವಿಲ್ಲ. ಸೆಪ್ಟೆಂಬರ್‌ನಿಂದ ಕಂತು ಕಂತಾಗಿ ಬರಬೇಕಾಗಿದ್ದ ಸಂಬಳ ಮುಂಗಡವಾಗಿ ಗಂಟಾಗಿ ಕೈ ಸೇರುತ್ತದೆ, ಮುಂದಿನ ವರ್ಷ ಆತನನ್ನು ಕೈಬಿಡುವುದು ತಂಡಕ್ಕೆ ಇನ್ನಷ್ಟು ದುಬಾರಿಯಾಗುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ಆಟಗಾರನನ್ನು ಮತ್ತೆ ಕೇಳದೆಯೇ ತಂಡ ಹೀಗೆ ಮಾಡಬಹುದೆಂಬ ಷರತ್ತನ್ನು ಮೊದಲೇ ಬರೆದಿರುತ್ತಾರೆ.

ಇನ್ನೊಂದು ದಾರಿ ವಾಯ್ಡ್ ವರ್ಷಗಳದ್ದು. ಆಟಗಾರ ಆಡುವುದಿಲ್ಲವೆಂದು ಎರಡೂ ಕಡೆಯವರಿಗೆ ಗೊತ್ತಿದ್ದೂ, ತಾನಾಗಿ ರದ್ದಾಗುವಂಥ ಒಂದೋ ಎರಡೋ ವರ್ಷಗಳನ್ನು ಒಪ್ಪಂದದ ಬಾಲಕ್ಕೆ ಕಟ್ಟುತ್ತಾರೆ. ಬೋನಸ್ ಹಂಚಲು ಹೆಚ್ಚು ವರ್ಷ ಸಿಗಲಿ ಎಂಬುದಷ್ಟೇ ಉದ್ದೇಶ. ನಮ್ಮ ಎರಡನೇ ಒಪ್ಪಂದಕ್ಕೆ ಐದನೆಯ ಸುಳ್ಳು ವರ್ಷವೊಂದನ್ನು ಸೇರಿಸಿದರೆ 4 ಕೋಟಿಯ ಬೋನಸ್ 80 ಲಕ್ಷದ ಐದು ಕಂತಾಗುತ್ತದೆ: ಕ್ಯಾಪ್ ಹಿಟ್ 1, 1.6, 2.2, 2.4 ಕೋಟಿ, ಆತ ಹೋದ ಮೇಲೆ ಐದನೇ ವರ್ಷ 80 ಲಕ್ಷ ಡೆಡ್ ಮನಿ.

ಈ ಎರಡೂ ದಾರಿಗಳನ್ನು ಹೋಲಿಸಿದರೆ ರೀಸ್ಟ್ರಕ್ಚರ್ ಅವಸರಕ್ಕೆ ಮಾಡಿದ ಕೈಗಡ, ವಾಯ್ಡ್ ವರ್ಷ ಮೊದಲೇ ಯೋಜಿಸಿ ತೆಗೆದ ಸಾಲ. ಮಿತಿ ಪ್ರತಿ ವರ್ಷ ಏರುವುದರಿಂದ ಈ ಸಾಲಕ್ಕೆ ಒಂದು ಸಮರ್ಥನೆ ಇದೆ. 2021ರಲ್ಲಿ ಒಂದು ಕೋಟಿ ಡಾಲರ್ ಎಂದರೆ ಮಿತಿಯ ಶೇ. 5.5, 2025ರಲ್ಲಿ ಅದೇ ಒಂದು ಕೋಟಿ ಶೇ. 3.6. ನಾಳೆಯ ಹಾಸಿಗೆ ಇವತ್ತಿನದಕ್ಕಿಂತ ಉದ್ದವಿರುತ್ತದೆ ಎಂದು ಗೊತ್ತಿರುವವರು ಇವತ್ತೇ ಸ್ವಲ್ಪ ಹೆಚ್ಚು ಕಾಲು ಚಾಚುತ್ತಾರೆ. ಫಿಲಡೆಲ್ಫಿಯಾ ಈಗಲ್ಸ್ ಇದನ್ನೇ ಪದ್ಧತಿ ಮಾಡಿಕೊಂಡ ತಂಡ; 2023ರಲ್ಲಿ ಜೇಲನ್ ಹರ್ಟ್ಸ್ ಅವರಿಗೆ ಕೊಟ್ಟ ಐದು ವರ್ಷಗಳ 25.5 ಕೋಟಿಯ ಒಪ್ಪಂದವೂ ವರ್ಷ ವರ್ಷದ ಆಪ್ಷನ್ ಬೋನಸ್ (ತಂಡ ಆಯ್ಕೆ ಮಾಡಿದಾಗ ಕೊಟ್ಟು, ಸೈನಿಂಗ್ ಬೋನಸ್ಸಿನಂತೆಯೇ ಹಂಚಬಹುದಾದದ್ದು) ಮತ್ತು ವಾಯ್ಡ್ ವರ್ಷಗಳ ಮೇಲೆಯೇ ನಿಂತಿದೆ. ಆದರೆ ಹಾಸಿಗೆ ಮೊಟಕಾದ ವರ್ಷವೂ ಇತ್ತು. 2021ರಲ್ಲಿ ಮಿತಿ ಒಂದೂವರೆ ಕೋಟಿಗೂ ಹೆಚ್ಚು ಇಳಿದಾಗ, ವರ್ಷಗಳ ಕಾಲ ಸಾಲವನ್ನು ಮುಂದೂಡುತ್ತ ಬಂದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಪಟ್ಟ ಪಾಡು ಅಷ್ಟಿಷ್ಟಲ್ಲ.

ಟ್ಯಾಂಪಾ ಬೇ ಬಕನೀರ್ಸ್ ತಂಡದ ಕತೆಯನ್ನು ನಾನು ಸಾಲ ಮಾಡಿ ಕೆಟ್ಟವರ ಪಟ್ಟಿಗೆ ಸೇರಿಸುವುದಿಲ್ಲ. ಟಾಮ್ ಬ್ರೇಡಿ 2023ರ ಫೆಬ್ರವರಿಯಲ್ಲಿ ನಿವೃತ್ತರಾದಾಗ ಅವರ ವಾಯ್ಡ್ ವರ್ಷಗಳಿಂದ 3.51 ಕೋಟಿ ಡೆಡ್ ಮನಿ ಆ ವರ್ಷದ ಪುಸ್ತಕಕ್ಕೆ ಬಂತು. ಆದರೆ ಅವರು 2020ರ ಸೀಸನ್‌ನಲ್ಲೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟಿದ್ದರು, ಮತ್ತು 2023ರಲ್ಲಿ ಆ ಭಾರ ಹೊತ್ತುಕೊಂಡೇ, ಕಡಿಮೆ ಬೆಲೆಯ ಒಂದು ವರ್ಷದ ಒಪ್ಪಂದಕ್ಕೆ ಬಂದ ಬೇಕರ್ ಮೇಫೀಲ್ಡ್ ಜೊತೆ ತಂಡ ತನ್ನ ವಿಭಾಗವನ್ನು ಗೆದ್ದಿತು. ಟ್ರೋಫಿ ತರುವ ಅವಕಾಶ ನಿಜವಾಗಿಯೂ ಕಣ್ಣೆದುರಿಗಿದ್ದರೆ ಸಾಲ ಮಾಡಬಹುದು. ಏಳು ಗೆದ್ದು ಹತ್ತು ಸೋಲುವ ತಂಡ ಅದನ್ನೇ ಮಾಡಿದರೆ ಬಡ್ಡಿಯಷ್ಟೇ ಉಳಿಯುತ್ತದೆ.

ಗ್ಯಾರಂಟಿ: ತಲೆಬರಹದ ಅಂಕಿ ಮತ್ತು ಒಳಗಿನ ಅಂಕಿ

ಒಪ್ಪಂದದ ಒಟ್ಟು ಮೊತ್ತ ಬಹಳಷ್ಟು ಸಲ ಮೂಗಿಗೆ ಸವರಿದ ತುಪ್ಪ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಕಾಲಿನ್ ಕೆಪರ್ನಿಕ್ ಅವರಿಗೆ ಕೊಟ್ಟ ಒಪ್ಪಂದವನ್ನು ಆರು ವರ್ಷಕ್ಕೆ 12.6 ಕೋಟಿಯವರೆಗೆ ಎಂದು ಬಣ್ಣಿಸಲಾಯಿತು. ಸಹಿ ಹಾಕಿದ ದಿನ ಯಾವ ಷರತ್ತೂ ಇಲ್ಲದೆ ಗ್ಯಾರಂಟಿಯಾದದ್ದು ಸುಮಾರು 1.3 ಕೋಟಿ ಮಾತ್ರ. ಉಳಿದದ್ದು ವರ್ಷಕ್ಕೊಮ್ಮೆ ತಂಡ ಆತನನ್ನು ಇಟ್ಟುಕೊಂಡರೆ ಸಿಗುವಂಥದ್ದು.

ಗ್ಯಾರಂಟಿಯಲ್ಲೂ ಬಗೆಗಳಿವೆ. ಗಾಯಗೊಂಡರೆ ಮಾತ್ರ ಸಿಗುವುದು ಒಂದು. ಆಟ ಕುಸಿದರೂ, ಮಿತಿಯ ಒತ್ತಡದಿಂದ ಕೈಬಿಟ್ಟರೂ, ಗಾಯವಾದರೂ ಸಿಗುವ ಪೂರ್ಣ ಗ್ಯಾರಂಟಿ ಇನ್ನೊಂದು. ಸುದ್ದಿಯಲ್ಲಿ ಎರಡನ್ನೂ ಕೂಡಿಸಿ ಹೇಳುವುದುಂಟು. ಆಟಗಾರನ ಕಡೆಯಿಂದ ನೋಡುವವರು ಎರಡನೆಯದನ್ನಷ್ಟೇ ಹಣವೆಂದು ಎಣಿಸಬೇಕು.

ಎರಡು ತುದಿಗಳ ಉದಾಹರಣೆಗಳು ಇವೆ. ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ 2020ರಲ್ಲಿ ಹತ್ತು ವರ್ಷಗಳ, 45 ಕೋಟಿಯ ವಿಸ್ತರಣೆಗೆ ಸಹಿ ಹಾಕಿದರು. ಮುಂದಿನ ವರ್ಷಗಳ ಹಣ ಮುಂಚಿತವಾಗಿ ಹಂತ ಹಂತವಾಗಿ ಗ್ಯಾರಂಟಿಯಾಗುತ್ತ ಹೋಗುವ ವ್ಯವಸ್ಥೆ ಅದು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2022ರಲ್ಲಿ ಡಿಶಾನ್ ವಾಟ್ಸನ್ ಅವರಿಗೆ ಐದು ವರ್ಷದ 23 ಕೋಟಿಯನ್ನೂ ಮೊದಲ ದಿನವೇ ಪೂರ್ಣ ಗ್ಯಾರಂಟಿ ಮಾಡಿತು. ವಾಟ್ಸನ್ ಒಪ್ಪಂದದ ಒಳಗು ನೋಡುವಂತಿದೆ: ಮೊದಲ ವರ್ಷದ ಮೂಲ ಸಂಬಳ 10.35 ಲಕ್ಷ ಮಾತ್ರ, ಸೈನಿಂಗ್ ಬೋನಸ್ ಸುಮಾರು 4.5 ಕೋಟಿ, ಉಳಿದ ನಾಲ್ಕು ವರ್ಷ ತಲಾ 4.6 ಕೋಟಿ ಸಂಬಳ. ಬೋನಸ್ಸಿನ ಐದನೇ ಒಂದು ಭಾಗ ಸೇರಿ 2022ರ ಕ್ಯಾಪ್ ಹಿಟ್ ಸುಮಾರು 1 ಕೋಟಿ, ಮರುವರ್ಷದಿಂದ ಸುಮಾರು 5.5 ಕೋಟಿ. ಆ ವರ್ಷ ಅವರು 11 ಪಂದ್ಯಗಳ ಅಮಾನತು ಅನುಭವಿಸಿದಾಗ ಕಳೆದುಕೊಂಡ ಸಂಬಳವೂ ಆ ಪುಟ್ಟ ಮೂಲ ಸಂಬಳದಿಂದಲೇ ಹೋಯಿತು. ಗಾಯಗಳಿಂದ ಅವರ ಆಟ ಕುಂಠಿತವಾದ ಮೇಲೂ ಕೈಬಿಡಲಾಗದೆ ತಂಡ ಪದೇ ಪದೇ ರೀಸ್ಟ್ರಕ್ಚರ್ ಮಾಡಿ ಭಾರವನ್ನು ಮುಂದಕ್ಕೆ ನೂಕಬೇಕಾಯಿತು.

ಆಟಗಾರನಿಗೆ ವಾಟ್ಸನ್ ಮಾದರಿಯೇ ಮೇಲು ಎಂದು ಬೇರೆ ಹೇಳಬೇಕಿಲ್ಲ. ಆದರೆ ಉಳಿದ ತಂಡಗಳು ಅದನ್ನು ಮಾದರಿಯಾಗಿ ಒಪ್ಪಲಿಲ್ಲ. ಮುಂದಿನ ವರ್ಷಗಳಿಗೆ ಪೂರ್ಣ ಗ್ಯಾರಂಟಿ ಕೊಟ್ಟ ಹಣದ ಬಹುಭಾಗವನ್ನು ಮೊದಲೇ ಠೇವಣಿ ಇಡಬೇಕೆಂಬ ಹಳೆಯ ನಿಯಮವೊಂದು ಲೀಗಿನಲ್ಲಿದೆ, ಮಾಲೀಕರು ಅದರತ್ತ ಬೆರಳು ತೋರಿಸುತ್ತಾರೆ. ಮಹೋಮ್ಸ್ ಮಾದರಿಯ ತೊಡಕು ಬೇರೆ: ಹತ್ತು ವರ್ಷಕ್ಕೆ ಬೆಲೆ ಕಟ್ಟಿಕೊಂಡವರನ್ನು ಮೂರು ವರ್ಷದೊಳಗೆ ಮಾರುಕಟ್ಟೆ ಹಿಂದಿಕ್ಕುತ್ತದೆ. 2023ರಲ್ಲಿ ಕ್ಯಾನ್ಸಸ್ ಸಿಟಿಯೇ ಒಪ್ಪಂದವನ್ನು ಮತ್ತೆ ಹೆಣೆದು 2023ರಿಂದ 2026ರವರೆಗಿನ ನಾಲ್ಕು ವರ್ಷಕ್ಕೆ 21.06 ಕೋಟಿ ಸಿಗುವಂತೆ ಮಾಡಿತು. ಬಲವಿರುವ ಆಟಗಾರನಿಗೆ ನನ್ನ ಮಟ್ಟಿಗೆ ಮೂರು ನಾಲ್ಕು ವರ್ಷದ, ಹೆಚ್ಚು ಗ್ಯಾರಂಟಿಯ ಒಪ್ಪಂದ ಇವೆರಡಕ್ಕಿಂತ ಒಳ್ಳೆಯದು. ಕರ್ಕ್ ಕಸಿನ್ಸ್ 2018ರಲ್ಲಿ ಮಿನೆಸೋಟದಿಂದ ಪಡೆದದ್ದು ಅಂಥದ್ದೇ: ಮೂರು ವರ್ಷ, 8.4 ಕೋಟಿ, ಪೂರ್ತಿ ಗ್ಯಾರಂಟಿ.

ಹೊಸಬರಿಗೆ ಈ ಚೌಕಾಸಿಯೇ ಇಲ್ಲ. 2010ರಲ್ಲಿ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪ್ರಕ್ರಿಯೆ) ಮೊದಲ ಆಟಗಾರ ಸ್ಯಾಮ್ ಬ್ರಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಪಡೆದರೆ, ಹೊಸಬರ ಸಂಬಳಕ್ಕೆ ಕಡಿವಾಣ ಹಾಕುವ ನಿಯಮ ಬಂದ 2011ರಲ್ಲಿ ಮೊದಲಿಗರಾದ ಕ್ಯಾಮ್ ನ್ಯೂಟನ್ ಪಡೆದದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯವರಾಗಿ ಆಯ್ಕೆಯಾದ ಬ್ರಾಕ್ ಪರ್ಡಿ 2023ರಲ್ಲಿ 8.7 ಲಕ್ಷ ಸಂಬಳಕ್ಕೆ ಆಡಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಸೂಪರ್ ಬೌಲ್‌ಗೆ ಒಯ್ದರು. 2025ರಲ್ಲಿ ಅವರ ಹೊಸ ಒಪ್ಪಂದ ಐದು ವರ್ಷಕ್ಕೆ 26.5 ಕೋಟಿ. ಎರಡರ ನಡುವಿನ ಅಂತರದಲ್ಲಿ ತಂಡಗಳು ಉಳಿದ ಆಟಗಾರರನ್ನು ಕೊಳ್ಳುತ್ತವೆ.

ಟ್ಯಾಗೋ, ದೀರ್ಘ ಒಪ್ಪಂದವೋ

ಒಪ್ಪಂದ ಮುಗಿದ ಒಬ್ಬ ಆಟಗಾರನನ್ನು ಒಂದು ವರ್ಷದ ಮಟ್ಟಿಗೆ ಹಿಡಿದಿಟ್ಟುಕೊಳ್ಳುವ ಫ್ರಾಂಚೈಸ್ ಟ್ಯಾಗ್ ಎಂಬ ಅಸ್ತ್ರ ತಂಡದ ಕೈಯಲ್ಲಿದೆ. ಆ ಸ್ಥಾನದಲ್ಲಿ ಹೆಚ್ಚು ಗಳಿಸುವವರ ಸರಾಸರಿಯ ಆಧಾರದ ಮೇಲೆ ಸಂಬಳ ನಿಗದಿಯಾಗುತ್ತದೆ, ಪೂರ್ತಿ ಗ್ಯಾರಂಟಿಯಾಗುತ್ತದೆ, ಪೂರ್ತಿಯಾಗಿ ಆ ವರ್ಷದ ಪುಸ್ತಕಕ್ಕೇ ಬೀಳುತ್ತದೆ. ದೀರ್ಘ ಒಪ್ಪಂದವಾಗಬೇಕಿದ್ದರೆ ಜುಲೈ ಮಧ್ಯದ ಗಡುವಿನೊಳಗೆ ಆಗಬೇಕು.

ವಾಷಿಂಗ್ಟನ್ ತಂಡ ಕಸಿನ್ಸ್ ಅವರಿಗೆ 2016ರಲ್ಲಿ 1.995 ಕೋಟಿಯ ಟ್ಯಾಗ್ ಹಾಕಿತು. ಎರಡನೇ ಸಲ ಹಾಕಿದರೆ ಹಿಂದಿನ ಸಂಬಳದ ಶೇ. 120 ಕೊಡಬೇಕಾದ್ದರಿಂದ 2017ರಲ್ಲಿ ಅದು 2.394 ಕೋಟಿ ಆಯಿತು. ಮೂರನೇ ಸಲಕ್ಕೆ ಶೇ. 144ರಂತೆ ಸುಮಾರು 3.45 ಕೋಟಿ ಬೇಕಾಗುತ್ತಿತ್ತು. ತಂಡ ಕೈಚೆಲ್ಲಿತು, ಅವರು ಮಿನೆಸೋಟಕ್ಕೆ ಹೋದರು. ಕಸಿನ್ಸ್ ಅವರಂಥ ಕ್ವಾರ್ಟರ್‌ಬ್ಯಾಕ್‌ಗಳಿಗೆ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರರು) ಟ್ಯಾಗ್ ಹೀಗೆ ಲಾಭವಾಗಬಲ್ಲದು, ಏಕೆಂದರೆ ಮೂವತ್ತರಲ್ಲೂ ಅವರ ಬೆಲೆ ಇಳಿಯುವುದಿಲ್ಲ.

ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಹಣೆಬರಹ ಬೇರೆ. ಅವರ ಬೆಲೆ ಬಲು ಬೇಗ ಸವೆಯುತ್ತದೆ, ಟ್ಯಾಗ್ ಹಾಕುವ ಹೊತ್ತಿಗೆ ಒಳ್ಳೆಯ ಎರಡು ವರ್ಷ ಕಳೆದುಹೋಗಿರುತ್ತದೆ. ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ 2018ರಲ್ಲಿ ಸುಮಾರು 1.45 ಕೋಟಿಯ ಟ್ಯಾಗನ್ನು ತಿರಸ್ಕರಿಸಿ ಇಡೀ ವರ್ಷ ಮನೆಯಲ್ಲಿ ಕೂತರು. ಮರುವರ್ಷ ನ್ಯೂಯಾರ್ಕ್ ಜೆಟ್ಸ್‌ನಿಂದ ನಾಲ್ಕು ವರ್ಷಕ್ಕೆ 5.25 ಕೋಟಿಯ ಒಪ್ಪಂದ ಸಿಕ್ಕಿತಾದರೂ ಹಳೆಯ ಆಟ ಮರಳಲಿಲ್ಲ. ಸೇಕ್ವಾನ್ ಬಾರ್ಕ್ಲಿ 2023ರಲ್ಲಿ ಟ್ಯಾಗ್ ಮಟ್ಟದ ಸುಮಾರು 1 ಕೋಟಿಗೆ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಆಡಿ, ಮುಂದಿನ ಮಾರ್ಚ್‌ನಲ್ಲಿ ಈಗಲ್ಸ್ ಜೊತೆ ಮೂರು ವರ್ಷದ 3.775 ಕೋಟಿಗೆ ಸಹಿ ಹಾಕಿದರು, ಅದರಲ್ಲಿ 2.6 ಕೋಟಿ ಗ್ಯಾರಂಟಿ. ಆ ಸೀಸನ್‌ನಲ್ಲಿ ಅವರು 2,005 ಗಜ ಓಡಿ ಸೂಪರ್ ಬೌಲ್ ಗೆದ್ದರು. ಜೈಂಟ್ಸ್ ಕಡೆಯವರ ಲೆಕ್ಕ ಕಾಗದದ ಮೇಲೆ ತಪ್ಪಾಗಿರಲಿಲ್ಲ, ಆದರೂ ಆ ವರ್ಷ ಅವರ ಅಭಿಮಾನಿಗಳಿಗೆ ಅದನ್ನು ವಿವರಿಸಲು ಹೋಗುವ ಧೈರ್ಯ ನನಗಂತೂ ಇರಲಿಲ್ಲ.

ಕಳಿಸಿಕೊಡುವಾಗ

ಭಾರವಾದ ಒಪ್ಪಂದದಿಂದ ಬಿಡಿಸಿಕೊಳ್ಳಲು ದಾರಿಗಳಿವೆ: ನೇರವಾಗಿ ಕೈಬಿಡುವುದು, ಜೂನ್ 1ರ ನಿಯಮ ಬಳಸಿ ಕೈಬಿಡುವುದು, ಬೇರೆ ತಂಡಕ್ಕೆ ದಾಟಿಸುವುದು, ಸಂಬಳ ಇಳಿಸಲು ಆಟಗಾರನನ್ನು ಒಪ್ಪಿಸುವುದು.

ಜೂನ್ 1ರ ನಂತರ ಕೈಬಿಟ್ಟರೆ ಆ ವರ್ಷದ ಬೋನಸ್ ಕಂತು ಮಾತ್ರ ಆ ವರ್ಷಕ್ಕೆ ಬೀಳುತ್ತದೆ, ಉಳಿದದ್ದೆಲ್ಲ ಮರುವರ್ಷಕ್ಕೆ ಹೋಗುತ್ತದೆ. ಮಾರ್ಚ್‌ನಲ್ಲೇ ಕಳಿಸಿಕೊಟ್ಟು ಲೆಕ್ಕವನ್ನು ಜೂನ್‌ನದ್ದಾಗಿ ಗುರುತಿಸಲು ಪ್ರತಿ ತಂಡಕ್ಕೆ ವರ್ಷಕ್ಕೆ ಇಬ್ಬರು ಆಟಗಾರರ ಮಟ್ಟಿಗೆ ಅವಕಾಶವಿದೆ. ನಮ್ಮ ಎರಡನೇ ಒಪ್ಪಂದದಲ್ಲಿ ಎರಡು ವರ್ಷಗಳ ನಂತರ ಹೀಗೆ ಮಾಡಿದರೆ ಮೂರನೇ ವರ್ಷ 1 ಕೋಟಿ, ನಾಲ್ಕನೇ ವರ್ಷ 1 ಕೋಟಿ; ಮೂರನೇ ವರ್ಷದ ಉಳಿತಾಯ 40 ಲಕ್ಷದಿಂದ 1.4 ಕೋಟಿಗೆ ಏರುತ್ತದೆ. ಆದರೆ ಆ ಜಾಗ ಕೈಗೆ ಸಿಗುವುದು ಜೂನ್ ಬಂದ ಮೇಲೆ, ಅಷ್ಟರಲ್ಲಿ ಮಾರ್ಚ್‌ನ ಸಂತೆ ಮುಗಿದಿರುತ್ತದೆ. ಈಗಲೇ ಜಾಗ ಬೇಕಾದವರಿಗೆ ಇದು ಉಪಯೋಗವಿಲ್ಲ. ನೋವನ್ನು ಎರಡು ವರ್ಷಕ್ಕೆ ಹಂಚಿಕೊಳ್ಳಬೇಕಾದವರಿಗೆ ಬೇರೆ ದಾರಿಯಿಲ್ಲ.

ಡೆನ್ವರ್ ಬ್ರಾಂಕೋಸ್ ಅಂಥ ಸ್ಥಿತಿಯಲ್ಲಿತ್ತು. 2022ರಲ್ಲಿ ರಸೆಲ್ ವಿಲ್ಸನ್ ಅವರಿಗೆ ಐದು ವರ್ಷಗಳ, 24 ಕೋಟಿಗೂ ಹೆಚ್ಚಿನ ವಿಸ್ತರಣೆ ಕೊಟ್ಟಿದ್ದ ತಂಡ, ಆ ವಿಸ್ತರಣೆಯ ಮೊದಲ ವರ್ಷ ಶುರುವಾಗುವ ಮೊದಲೇ, 2024ರ ಮಾರ್ಚ್‌ನಲ್ಲಿ ಅವರನ್ನು ಕೈಬಿಟ್ಟಿತು. ಆ ಲೀಗ್ ವರ್ಷದ ಐದನೇ ದಿನದವರೆಗೂ ತಂಡದಲ್ಲಿದ್ದಿದ್ದರೆ 2025ರ 3.7 ಕೋಟಿ ಸಂಬಳವೂ ಗ್ಯಾರಂಟಿಯಾಗುತ್ತಿತ್ತು. ಡೆಡ್ ಮನಿ ಒಟ್ಟು 8.5 ಕೋಟಿ; 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ. ಅವರ 2024ರ 3.9 ಕೋಟಿ ಸಂಬಳ ಗ್ಯಾರಂಟಿಯಾಗಿದ್ದು, ಹೊಸ ತಂಡ ಕೊಟ್ಟದ್ದನ್ನು ಅದರಿಂದ ಕಳೆಯುವ ಷರತ್ತಿದ್ದುದರಿಂದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಕನಿಷ್ಠ ಸಂಬಳವಾದ 12.1 ಲಕ್ಷಕ್ಕೆ ಅವರನ್ನು ಪಡೆಯಿತು, ಉಳಿದದ್ದನ್ನು ಡೆನ್ವರ್ ತೆತ್ತಿತು. ಹೆಚ್ಚು ಕೇಳಿದ್ದರೆ ವಿಲ್ಸನ್ ಅವರಿಗೆ ಲಾಭವಿರಲಿಲ್ಲ, ಡೆನ್ವರ್‌ಗೆ ಉಳಿತಾಯವಾಗುತ್ತಿತ್ತಷ್ಟೆ. ಅಷ್ಟು ದೊಡ್ಡ ಹೊರೆ ಹೊತ್ತೂ ಬ್ರಾಂಕೋಸ್ ಆ ವರ್ಷ ಹೊಸಬ ಬೋ ನಿಕ್ಸ್ ಅವರನ್ನಿಟ್ಟುಕೊಂಡು ಹತ್ತು ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು.

ಬೇರೆ ತಂಡಕ್ಕೆ ದಾಟಿಸಿದರೆ ಮುಂದಿನ ಸಂಬಳ ಹೊಸ ತಂಡದ ಪಾಲಿಗೆ, ಕೊಟ್ಟಾಗಿರುವ ಬೋನಸ್ಸಿನ ಉಳಿದ ಕಂತುಗಳು ಹಳೆಯ ತಂಡದ ಪಾಲಿಗೆ. 2022ರಲ್ಲಿ ಮ್ಯಾಟ್ ರಯಾನ್ ಅವರನ್ನು ಇಂಡಿಯಾನಾಪೊಲಿಸ್‌ಗೆ ಕಳಿಸಿದ ಅಟ್ಲಾಂಟ 4.05 ಕೋಟಿ ಡೆಡ್ ಮನಿ ನುಂಗಿಕೊಂಡಿತು. ಕೆಲವೊಮ್ಮೆ ಸಂಬಳದ ಹೊರೆ ಹೊರುವವರಿಗೆ ದಕ್ಷಿಣೆಯೂ ಸಲ್ಲುತ್ತದೆ: 2017ರಲ್ಲಿ ಹ್ಯೂಸ್ಟನ್ ತಂಡ ಬ್ರಾಕ್ ಆಸ್‌ವೈಲರ್ ಅವರ ಜೊತೆಗೆ ಮರುವರ್ಷದ ಎರಡನೇ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೂ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಕೈತೊಳೆದುಕೊಂಡಿತು.

ಸಂಬಳ ಇಳಿಸಿಕೊಳ್ಳುವುದು ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಬೆಲೆ ಉಳಿಯದ ಆಟಗಾರ ಮಾತ್ರ ಒಪ್ಪುವ ದಾರಿ. ಡ್ರೂ ಬ್ರೀಸ್ ಅವರದು ಅದಕ್ಕೆ ವಿಚಿತ್ರವಾದ ಅಪವಾದ. 2021ರ ಫೆಬ್ರವರಿಯಲ್ಲಿ, ಮಿತಿ ಇಳಿಯುತ್ತಿದ್ದ ಆ ವರ್ಷವೇ, ಅವರು ಸೇಂಟ್ಸ್‌ನಲ್ಲಿನ ತಮ್ಮ 2.5 ಕೋಟಿ ಸಂಬಳವನ್ನು 10.75 ಲಕ್ಷಕ್ಕೆ ಇಳಿಸಿಕೊಂಡರು. ತಂಡದ ಪುಸ್ತಕದಲ್ಲಿ ಸುಮಾರು 2.4 ಕೋಟಿಯ ಜಾಗ ಒಂದೇ ಸಹಿಯಲ್ಲಿ ತೆರೆಯಿತು. ಅವರು ಆಡುವವರಿರಲಿಲ್ಲ. ಆದರೆ ಆಗಲೇ ನಿವೃತ್ತಿಯನ್ನು ದಾಖಲಿಸಿದ್ದರೆ ಹಳೆಯ ಬೋನಸ್ಸುಗಳ ಬಾಕಿಯೆಲ್ಲ ಆ ಇಕ್ಕಟ್ಟಿನ ವರ್ಷದ ಮೇಲೇ ಬೀಳುತ್ತಿತ್ತು. ಜೂನ್ 1 ದಾಟಿದರೆ ಎರಡು ವರ್ಷಕ್ಕೆ ಹಂಚಿಹೋಗುತ್ತಿತ್ತು. ಮಾರ್ಚ್ 14ರಂದು ಅವರು ನಿವೃತ್ತಿ ಪ್ರಕಟಿಸಿದರು, ಸನ್ಮಾನ ವಿದಾಯಗಳೂ ಆದವು. ತಂಡದ ಪುಸ್ತಕದಲ್ಲಿ ಮಾತ್ರ ಜೂನ್ ಬರುವವರೆಗೆ ಅವರು ಕನಿಷ್ಠ ಸಂಬಳದ ಆಟಗಾರರಾಗಿಯೇ ಉಳಿದರು.